ಪೆಟ್ಟು ಬಿದ್ದವರೇ ಹೇಳಬೇಕು

"ನನ್ನ ಕಣದಾಗ ನಿನಗ ಪೆಟ್ಟು ಬಿತ್ತು ಅಂತ ನೀನೇ ಹೇಳಬೇಕು. ನಿನ್ನ ಬಾಯಿ ಬಿಟ್ಟು ಬ್ಯಾರೆ ಯಾರ ಬಾಯಿನೂ ಆ ಮಾತು ಆಡಗೊಡಂಗಿಲ್ಲ ನಾ. ಕಣ್ಣೊರಸಿಕೋ" ಎಂದು ಹಾಜಿಮಲಂಗ್ ಮಗಳಿಗೆ ಮಾತು ಕೊಟ್ಟಾಗ ಅಲ್ಮಾಸಳಿಗೆ ಬಿದ್ದ ಮುಂದಿನ ಹಲ್ಲುಗಳು ಇನ್ನೂ ಪೂರ್ತಿ ಬಂದಿರಲಿಲ್ಲ.

ಶಹಾಬಾದಿನ ಅವನ ಗಾದಿ ಅಂಗಡಿಯಲ್ಲಿ, ಹಿಂಜಿದ ಹತ್ತಿಯ ಗುಡ್ಡೆಯ ಮೇಲೆ ಬೋರಲು ಬಿದ್ದು ಅತ್ತಿದ್ದ ಹುಡುಗಿ ಎದ್ದು ಕೂತಾಗ ಹುಬ್ಬು ರೆಪ್ಪೆಗಳ ತುಂಬ ಅರಳೆ ಅಂಟಿತ್ತು. ಮೊಹರಮ್ಮು ಹತ್ತಿರ ಬಂತೆಂದರೆ ಓಣಿಯ ಹುಡುಗರಿಗೆ ಬೆಂಕಿ ಹಾಕುವ ಅಲಾಯಿ ಕುಣಿಯ ಮಗ್ಗುಲಲ್ಲಿ ಕೋಲಿನ ತಾಲೀಮು. ಅಪ್ಪನೇ ಉಸ್ತಾದನಾದದ್ದರಿಂದ ಅಲ್ಮಾಸಳೂ ಒಂದು ಕೋಲು ಹಿಡಿದು ನಿಲ್ಲುತ್ತಿದ್ದಳು. ತಾಲೀಮಿಗೆ ಇದ್ದದ್ದು ಒಂದೇ ಕಾಯ್ದೆ. ಪೆಟ್ಟು ಬಿದ್ದವನು ತಾನೇ "ಲಗ್ಯಾ", ತಾಕಿತು, ಎಂದು ಕೂಗಿ ಹೊರಗೆ ಹೋಗಬೇಕು. ಹೊಡೆದವನು ಹೇಳುವಂತಿಲ್ಲ, ನೋಡಿದವನು ಹೇಳುವಂತಿಲ್ಲ. ಪೆಟ್ಟು ಯಾವ ಮೈಯದೋ ಮಾತೂ ಆ ಮೈಯದೇ. ಆವತ್ತು ಹಾಜಿಮಲಂಗ್ ಗಾದಿ ಕೊಡಲು ವಾಡಿಗೆ ಹೋಗಿದ್ದ. ಅವನಿಲ್ಲದ ಹೊತ್ತಿನಲ್ಲಿ ಅವನ ಅಣ್ಣನ ಮಗ ಮತೀನ "ಅಲ್ಮಾಸಗ ಬಿತ್ತು" ಎಂದ. ಇವಳು ಇಲ್ಲವೆಂದಳು. ಕಟ್ಟೆಯ ಮೇಲೆ ಕೂತ ಹಿರಿಯರು, "ಹೆಣ್ಣುಕೂಸು, ಬಿದ್ದಿರ್ತದ ಬಿಡ್ರಿ" ಎಂದು ಅವಳ ಕೈಯಿಂದ ಕೋಲು ತೆಗೆದುಕೊಂಡಿದ್ದರು.

"ಬಿದ್ದಿದ್ರ ನಾ ಹೇಳ್ತಿದ್ದಿಲ್ಲೇನಬ್ಬಾ?" ಎಂದು ಹುಡುಗಿ ಕೇಳಿದ್ದಳು. ಆ ಪ್ರಶ್ನೆಗೆ ಅವನು ಕೊಟ್ಟ ಉತ್ತರವೇ ಆ ಮಾತು.

ಈಗ ಅಲ್ಮಾಸ್ ಡಿಗ್ರಿ ಕಡೆಯ ವರ್ಷದಲ್ಲಿದ್ದಾಳೆ. ಊರಾಚೆಯ ಹಳೆಯ ಪರ್ಸಿ ಕಲ್ಲಿನ ಗಣಿಯೊಳಗೆ, ಬಿದಿರು ತಡಿಕೆ ಮತ್ತು ಬಣ್ಣ ಬಳಿದ ತಟ್ಟಿನಿಂದ ಎಬ್ಬಿಸಿದ ಕೋಟೆಯ ದರವಾಜೆಯ ಮುಂದೆ ನಿಂತು ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಳ್ಳುತ್ತಿದ್ದಳು. ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಇನ್ನೊಂದನ್ನು ಕೈಯಿಂದ ಎಳೆದಳು. ಗಂಟು ನಿಲ್ಲಲಿಲ್ಲ.

"ತಾ ಇಲ್ಲಿ" ಎಂದು ಹಾಜಿಮಲಂಗ್ ಹತ್ತಿರ ಬಂದ.

"ಬ್ಯಾಡ್ರಿ ಉಸ್ತಾದ್. ಪಂಚ ಆದವ್ರು ಒಂದ್ ಕಡೀವ್ರಿಗೆ ಪಟ್ಟಿ ಕಟ್ಟಿದ್ರ ಆ ಕಡೀ ಮಂದಿ ಏನಂದಾರು?" ಎಂದು ನಕ್ಕಳು. ಮನೆಯಲ್ಲಿ ಅಬ್ಬಾ, ಕಣದಲ್ಲಿ ಉಸ್ತಾದ್. ಹಾಗೆಂದು ಅವಳೇ ಮಾಡಿಕೊಂಡ ರೂಢಿ.

ಆಟ ಹೈದರಾಬಾದಿನವರದು. ಚಳಿಗಾಲಕ್ಕೊಮ್ಮೆ ಬಂದು ಎರಡು ದಿನ ಆಡಿ ಹೋಗುತ್ತಾರೆ. ನಾಟಕ ಎನ್ನೋಣವೆಂದರೆ ನೋಡುವವರಿಲ್ಲ, ಎಲ್ಲರೂ ಆಡುವವರೇ. ಕುಸ್ತಿ ಎನ್ನೋಣವೆಂದರೆ ಯಾರು ಸೋಲಬೇಕೆಂಬುದು ಮೊದಲೇ ಗೊತ್ತಿರುತ್ತದೆ. ಡಾಕ್ಟರು, ಕಂಪನಿ ಮಂದಿ, ಕಾಲೇಜಿನಲ್ಲಿ ಪಾಠ ಹೇಳುವವರು ಒಂದೊಂದು ಹೆಸರು, ಒಂದೊಂದು ವಂಶ, ಒಂದೊಂದು ಹಗೆ ಹೊಂದಿಸಿಕೊಂಡು ಬರುತ್ತಾರೆ. ಆ ಹೆಸರಿನಲ್ಲಿಯೇ ಉಣ್ಣುತ್ತಾರೆ, ಜಗಳಾಡುತ್ತಾರೆ, ಸ್ಪಂಜಿನ ಕತ್ತಿ ಹಿಡಿದು ಕಾದಾಡುತ್ತಾರೆ. ಅವರಿಗೆ ಕಾದಾಡಲು ಎದುರಾಳಿಗಳು ಬೇಕಲ್ಲ, ಅದಕ್ಕೆ ಶಹಾಬಾದಿನ ಮಂದಿಯನ್ನು ಕೂಲಿಯ ಮೇಲೆ ಹಿಡಿಯುತ್ತಾರೆ. ಇವರಿಗೆ ಹೆಸರಿಲ್ಲ, ವಂಶವಿಲ್ಲ. ಇವರೆಲ್ಲ ಸೇರಿ ಒಂದೇ ಪಾತ್ರ, 'ದಂಡು'. ದಂಡಿನ ಕೆಲಸ ಕೂಗುತ್ತ ಬರುವುದು, ಹೊಡೆಸಿಕೊಳ್ಳುವುದು, ಸಾಯುವುದು. ಸತ್ತವರು ಸುಣ್ಣದ ಗೆರೆಯ ಆಚೆ ಹೋಗಿ ನೀರು ಕುಡಿದು, ಹೊಸ ಸೈನಿಕರಾಗಿ ಮತ್ತೆ ಸಾಯಲು ಬರುವುದು.

ಮೊದಲ ವರ್ಷ ಆಟ ರಂಪವಾಗಿತ್ತು. ಎರಡೂ ಕಡೆಯವರು ಒಂದೇ ಕಡೆ ಒತ್ತರಿಸಿ, ಹಿಂದಿನವರಿಗೆ ಮುಂದೇನು ನಡೆದಿದೆ ಕಾಣದೆ, ಯಾರು ಸತ್ತರು ಯಾರು ಉಳಿದರು ಎಂದು ತಿಳಿಯದೆ, ಒಬ್ಬಳ ತುಟಿ ಒಡೆದು, ಒಬ್ಬನ ಕನ್ನಡಕ ಕಾಲಡಿಗೆ ಬಂದು, ಕಾದಾಟಕ್ಕಿಂತ ತಕರಾರೇ ಹೆಚ್ಚಾಗಿತ್ತು. ಗಣಿಯಲ್ಲಿ ಕಲ್ಲೊಡೆಯುತ್ತಿದ್ದ ಖಂಡಪ್ಪ ದಂಡಿನಲ್ಲಿ ಎಲ್ಲರಿಗಿಂತ ದೊಡ್ಡಾಳು. ಅವನು ಸತ್ತು ಬಿದ್ದ ಮೇಲೂ ಹೊಡೆಯುತ್ತಲೇ ಇದ್ದರು. "ಸತ್ತೀನ್ರೆಪ್ಪೋ, ಹೂಳ್ರಿ ಇನ್ನ!" ಎಂದು ಅವನು ಮಲಗಿದಲ್ಲಿಂದಲೇ ಕೂಗಿದ್ದು ಈಗಲೂ ಓಣಿಯಲ್ಲಿ ನಗೆಮಾತು.

ಹೈದರಾಬಾದಿನವರಿಗೂ ಊರಿನವರಿಗೂ ನಡುವೆ ನಿಂತು ಆಟ ಏರ್ಪಡಿಸುವವನು ವಾಡಿಯ ಶಹಬಾಜ. ಹಾಜಿಮಲಂಗನ ಅಕ್ಕನ ಮಗ. ಅವನೇ ಆ ವರ್ಷ ಓಡಿಬಂದು, "ಮಾಮು, ತಾಲೀಮ್ ನಡಸ್ದವ್ರು ನೀವು. ಈ ಜಾತ್ರಿ ಒಂದ್ ಹದಕ್ಕ ತರ್ರಿ" ಎಂದು ಕಾಲಿಗೆ ಬಿದ್ದ. ಹಾಜಿಮಲಂಗ್ ಹದಕ್ಕೆ ತಂದ. ಮೂವರು ಮೂವರನ್ನು ಒಂದೊಂದು ಗಂಟು ಮಾಡಿದ. ಒಬ್ಬ ಹೊಡೆಯಬೇಕು, ಒಬ್ಬ ತಡೆಯಬೇಕು, ಮೂರನೆಯವನು ಅಕ್ಕಪಕ್ಕದ ಮೇಲೆ ಕಣ್ಣಿಡಬೇಕು. ಗಂಟಿಗೂ ಗಂಟಿಗೂ ನಡುವೆ ಎತ್ತು ಹಾಯುವಷ್ಟು ಜಾಗ. ತಲೆಗೆ, ಕುತ್ತಿಗೆಗೆ ಹೊಡೆಯುವಂತಿಲ್ಲ. ನಿಲ್ಲಿರೆಂದು ಸೀಟಿ ಊದಿದರೆ ಆ ಗದ್ದಲದಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ. ಅದಕ್ಕೆ ಚಿತ್ತಾಪುರದ ಭೀಮಶ್ಯಾನನ್ನು ಕರೆಸಿ ಕಾದಾಟದುದ್ದಕ್ಕೂ ಹಲಗೆ ಬಾರಿಸಲು ಕೂರಿಸಿದ. ಸದ್ದು ಕೇಳದವನಿಗೂ ಸದ್ದು ನಿಂತದ್ದು ತಿಳಿಯುತ್ತದೆ. ಹಲಗೆ ನಿಂತಿತೆಂದರೆ ಎಲ್ಲರೂ ಇದ್ದಲ್ಲಿಯೇ ಮಂಡಿಯೂರಬೇಕು. ಕತ್ತಿಗಳೂ ಅವನ ಅಂಗಡಿಯಲ್ಲಿಯೇ ಆದವು. ಗಾದಿಯಲ್ಲಿ ಉಳಿದ ಸ್ಪಂಜನ್ನು ಬೆತ್ತಕ್ಕೆ ಸುತ್ತಿ, ಹೆಂಡತಿ ನಜಮುನ್ನೀಸಾ ಮೇಲೆ ಬಟ್ಟೆ ಹೊಲಿದಳು.

ಎಲ್ಲಕ್ಕಿಂತ ಮೊದಲು ಅವನು ತಾಲೀಮಿನ ಕಾಯ್ದೆ ತಂದ. ಪೆಟ್ಟು ಬಿದ್ದವರೇ ಹೇಳಬೇಕು. ಹೈದರಾಬಾದಿನವರಿಗೆ ಅದು ಬಹಳ ಹಿಡಿಸಿತು. "ಲಗ್ಯಾ" ಎನ್ನುವುದರಲ್ಲಿ ಅವರಿಗೆ ಹೊಡೆಯುವುದಕ್ಕಿಂತ ಹೆಚ್ಚಿನ ಸುಖ ಕಂಡಿತು. ಎದೆ ಹಿಡಿದುಕೊಂಡು, ಆಕಾಶ ನೋಡಿ, ಎಳೆದು ಎಳೆದು ಕೂಗುವುದನ್ನು ಕಲಿತರು.

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ತಾಲೀಮಿನಲ್ಲಿ ಇಬ್ಬರ ನಡುವೆ ತಕರಾರು ಬಂದರೆ ಊಟ ಬಿಟ್ಟು ಕೂರುತ್ತಿದ್ದರು, ಮರುದಿನಕ್ಕೂ ಎಳೆಯುತ್ತಿದ್ದರು. ಯಾರಿಗೂ ಎಲ್ಲಿಗೂ ಹೋಗುವುದಿರುತ್ತಿರಲಿಲ್ಲ. ಈ ಮಂದಿ ಸಂಜೆಯ ಗಾಡಿ ಹಿಡಿಯಬೇಕು. ಆಟ ಸರಾಗ ನಡೆಯಲಿ ಎಂದು ಹಾಜಿಮಲಂಗ್ ಕಾಯ್ದೆಗೆ ತನ್ನ ಕೈಯಾರೆ ಒಂದು ಬಾಲ ಹಚ್ಚಿದ. ಇಬ್ಬರೂ ಒಪ್ಪದಿದ್ದರೆ ಉಸ್ತಾದ್ ಕಂಡದ್ದು ಕಡೆಯ ಮಾತು. ಅದನ್ನು ಬಳಸುವ ಪ್ರಸಂಗ ಇಷ್ಟು ವರ್ಷ ಬಂದಿರಲಿಲ್ಲ. ಗೋಡೆಗೆ ನೇತುಹಾಕಿದ ಬಂದೂಕಿನ ಹಾಗೆ ಅದು ಸುಮ್ಮನೆ ಇತ್ತು.

ಈ ವರ್ಷದ ಕಥೆಯಲ್ಲಿ ಶಹಬಾಜ ಒಂದು ಹೊಸದು ತಂದಿದ್ದ. ಗಣಿಯ ಪಡುವಣ ಗೋಡೆಯ ನೆರಳು ಇಳಿದು ಬಂದು ದರವಾಜೆಯ ಹೊಸ್ತಿಲು ಮುಟ್ಟುವ ತನಕ ದಂಡಿನ ಸರದಾರ ಸಾಯದಿದ್ದರೆ ಕೋಟೆ ದಂಡಿಗೇ ಉಳಿಯುತ್ತದೆ. ಉಳಿಸಿದವರಿಗೆ ಮುಂದಿನ ವರ್ಷದ ಕಥೆಯಲ್ಲಿ ಹೆಸರಿನ ಪಾತ್ರ. ರಾಜನಿಗೂ ಸರದಾರನಿಗೂ ಒಂದೊಂದೇ ಪ್ರಾಣ, ಸತ್ತರೆ ಮರಳಿ ಬರುವಂತಿಲ್ಲ. ದಂಡಿನವರು ಒಕ್ಕೊರಲಿನಿಂದ ಅಲ್ಮಾಸಳನ್ನು ಸರದಾರಳನ್ನಾಗಿ ಮಾಡಿದರು. ಅವಳ ಕೈ ಅಂಥದು. ಆ ತಿಂಗಳೆಲ್ಲ ಅವಳು ಕಾಲೇಜಿನಿಂದ ಬಂದವಳೇ ಹಿತ್ತಿಲಲ್ಲಿ ಬೆತ್ತ ತಿರುವುತ್ತಿದ್ದಳು. "ಹೆಸರಿನ ಪಾತ್ರ ಸಿಕ್ರ ಏನ್ ಹೆಸರಿಟ್ಕೋತಿ? ರಾಣಿ ಗೀಣಿ?" ಎಂದು ತಾಯಿ ಕೇಳಿದ್ದಕ್ಕೆ, "ಬ್ಯಾರೆ ಯಾಕಮ್ಮಿ? ಅಲ್ಮಾಸ್ ಅಂತನೇ ಬರಕೊಳ್ಳಲಿ. ಇಷ್ಟ್ ವರ್ಷ ಸತ್ತೀವಿ, ಯಾರ್ ಸತ್ರು ಅಂತರ ಗೊತ್ತಾಗ್ಲಿ" ಎಂದಿದ್ದಳು.

ಆ ಬೆಳಿಗ್ಗೆ ಸುಸಲಾ ಮಿರ್ಚಿ ತಿಂದು ಕೈ ತೊಳೆಯುವ ಹೊತ್ತಿಗೆ ಶಹಬಾಜ ಮಾವನನ್ನು ಕಲ್ಲುಚೂರಿನ ದಿಬ್ಬದ ಹಿಂದೆ ಕರೆದೊಯ್ದ. ಗಣಿಯ ದಂಡೆಯಾಚೆ ತೊಗರಿ ಕಾಯಿಗಟ್ಟಿ ನಿಂತಿತ್ತು. ವಾಡಿಯ ಸಿಮೆಂಟು ಕಾರ್ಖಾನೆಯ ಬೂದಿ ಬಣ್ಣದ ಹೊಗೆ ಎಂದಿನಂತೆ ಬಾನಿಗೆ ಒರಗಿತ್ತು.

"ಮಾಮು, ರಾಜಾ ಆಗ್ಯಾರಲ್ಲ ಡಾಕ್ಟರ್ ಸಾಹೇಬ್ರು, ಅವರಿಗೆ ಇದೇ ಕಡೀ ವರ್ಷ. ಈ ಪಾತ್ರ ಮುಗಸ್ತಾರ. ಕೋಟಿ ಗೆದ್ದು ಮುಗಿಸ್ಬೇಕಂತ ಆಸಿ ಅದ ಅವರಿಗೆ."

"ಗೆಲ್ಲಲಿ. ನಾ ಬ್ಯಾಡ ಅಂದೀನೇನು?"

"ಹಂಗಲ್ಲ. ಅವ್ರ ಹಿಂದನೇ ಇಷ್ಟ್ ಮಂದಿ ಬರ್ತಾರ. ಅವ್ರ ಮನಸ ಕೆಟ್ರ ಮುಂದಿನ ಸಲ ಆಟ ಬ್ಯಾರೆ ಕಡಿ ಹೋಗ್ತದ. ಚಿಂಚೋಳಿ ಕಾಡಿನಾಗ ಜಾಗಾ ನೋಡ್ಲಿಕತ್ತಾರ ಆಗಲೇ."

ಹಾಜಿಮಲಂಗ್ ಬಾಯಲ್ಲಿದ್ದ ನೀರು ಉಗುಳಿದ. ಹಿಂದಿನಂತೆ ಗಾದಿ ಮಾಡಿಸುವವರು ಈಗೆಲ್ಲಿದ್ದಾರೆ? ಕಂಪನಿಯ ಗಾದಿ ಸುರುಳಿ ಸುತ್ತಿಕೊಂಡು ಮನೆ ಬಾಗಿಲಿಗೇ ಬರುತ್ತದೆ. ಚಳಿಗಾಲದಲ್ಲಿ ಮನೆಯ ಒಲೆ ಉರಿಯುವುದು ಈ ಕತ್ತಿಗಳಿಂದ, ಈ ಆಟದಿಂದ. ಹಾಗೆಯೇ ಖಂಡಪ್ಪನದು, ಭೀಮಶ್ಯಾನದು.

"ಪಂಚನ ಕೆಲಸ ಪಂಚ ಮಾಡ್ತಾನ. ಆಟದಾಗ ಕೈ ಹಾಕು ಅನಬ್ಯಾಡ ನನಗ."

"ಕೈ ಹಾಕ್ರಿ ಅಂತ ಎಲ್ಲಿ ಅಂದ್ನಿ ಮಾಮು? ಆಟ ಸರಾಗ ನಡೀಲಿ ಅಂದ್ನಿ. ಅಷ್ಟೇ."

ಆ ಮಾತು ಅವನದೇ. ಪ್ರತಿ ವರ್ಷ ಮೊದಲ ದಿನ ಎಲ್ಲರನ್ನೂ ಕೂರಿಸಿ ಅವನೇ ಹೇಳುತ್ತಿದ್ದ ಮಾತು. ಇನ್ನೊಬ್ಬರ ಬಾಯಿಂದ ಕೇಳಿದಾಗ ಅದಕ್ಕೆ ಬೇರೆಯೇ ಒಂದು ರುಚಿ ಇತ್ತು.

ದಿಬ್ಬ ಇಳಿದು ಬಂದವನನ್ನು ಅಲ್ಮಾಸ್ ಕಣ್ಣು ಕಿರಿದು ಮಾಡಿ ನೋಡಿದಳು. "ಶಹಬಾಜಭಾಯಿ ಏನಂದ?"

"ಏನಿಲ್ಲ. ಊಟದ ಮಾತು. ಅನ್ನ ಕಡಿಮಿ ಬೀಳ್ತದಂತ."

ಮಧ್ಯಾಹ್ನ ಕಡೆಯ ಕಾದಾಟ ಎದ್ದಿತು. ಗಣಿಯ ಮೆಟ್ಟಿಲು ಮೆಟ್ಟಿಲಾದ ಕಲ್ಲುಗೋಡೆಗಳಿಗೆ ಹಲಗೆಯ ಸದ್ದು ಬಡಿದು, ಒಬ್ಬ ಭೀಮಶ್ಯಾ ನಾಲ್ವರಾಗಿ ಕೇಳುತ್ತಿದ್ದ. ಪಡುವಣ ಗೋಡೆಯ ನೆರಳು ಬೇಟೆ ಕಂಡ ಬೆಕ್ಕಿನಂತೆ ಮೈಯುದ್ದ ಮಾಡಿಕೊಂಡು ದರವಾಜೆಯತ್ತ ಬರುತ್ತಿತ್ತು. ತಲೆಗೆ ಬಿಳಿ ರುಮಾಲು ಸುತ್ತಿ, ಕೈಯಲ್ಲಿ ಬರೀ ಬೆತ್ತ ಹಿಡಿದು ಹಾಜಿಮಲಂಗ್ ಕಾದಾಟದೊಳಗೆ ಓಡಾಡಿದ. ಇದು ಅವನು ಮೈಮರೆಯುವ ಹೊತ್ತು. ಬಿಳಿ ರುಮಾಲಿಗೆ ಯಾರೂ ಹೊಡೆಯುವುದಿಲ್ಲ. ಎಲ್ಲಿ ಮಂದಿ ಗಂಟುಬಿದ್ದರೋ ಅಲ್ಲಿ ಅವನ ಬೆತ್ತ ಬೆನ್ನಿಗೆ ಮೆಲ್ಲಗೆ ತಾಕುತ್ತಿತ್ತು. "ಎರಡ್ ಹೆಜ್ಜಿ ಹಿಂದ ಬರ್ರಿ ಸಾಹೇಬ್ರ... ಹಾಂ, ನೀವು ಮೂರೂ ಮಂದಿ ಎಡಕ್ಕ ಹೋಗ್ರಿ, ಅಲ್ಲಿ ಖಾಲಿ ಅದ... ತಾಯೀ, ಕತ್ತಿ ಕೆಳಗ, ಮಾರಿ ಮುಂದ ಬ್ಯಾಡ." ಸಿಕ್ಕು ಬಿದ್ದ ನೂಲು ಬಿಡಿಸಿದಂತೆ ಬಿಡಿಸುತ್ತ ನಡೆದ. ಅಲ್ಲಲ್ಲಿ "ಲಗ್ಯಾ, ಲಗ್ಯಾ" ಎಂಬ ಕೂಗು ಏಳುತ್ತಿತ್ತು. ಖಂಡಪ್ಪ ಆವತ್ತು ಸತ್ತ ಒಂದು ಸಾವಿಗೆ ಹೈದರಾಬಾದಿನ ಇಬ್ಬರು ಹೆಂಗಸರು ಕಾದಾಟ ಬಿಟ್ಟು ಚಪ್ಪಾಳೆ ತಟ್ಟಿದರು. "ಇನ್ನೊಮ್ಮಿ ಸಾಯ್ಲೇನ್ರಿ?" ಎಂದು ಅವನು ಒಂದು ಕಣ್ಣು ತೆರೆದು ಕೇಳಿದ.

ದರವಾಜೆಯಲ್ಲಿ ಅಲ್ಮಾಸ್ ನಿಂತಿದ್ದಳು. ಕೂಗಾಟವಿಲ್ಲ, ಹಾರಾಟವಿಲ್ಲ. ಬಂದವರನ್ನು ತಡೆದಳು, ಕಳಿಸಿದಳು. ನೆರಳು ಹೊಸ್ತಿಲಿನಿಂದ ಒಂದು ಮಾರು ದೂರವಿದ್ದಾಗ ರಾಜನೇ ಬಂದ.

ಡಾಕ್ಟರ್ ಒಳ್ಳೆಯ ಮನುಷ್ಯ. ಮೊದಲ ವರ್ಷ ತುಟಿ ಒಡೆದವಳಿಗೆ ಹೊಲಿಗೆ ಹಾಕಿದವನೂ ಅವನೇ, ಖಂಡಪ್ಪನ ಮಗುವಿನ ಜ್ವರಕ್ಕೆ ಔಷಧಿ ಕೊಟ್ಟು ಹೋದವನೂ ಅವನೇ. ಮಕಮಲ್ಲಿನ ನಿಲುವಂಗಿಯೊಳಗೆ ಬೆವರಿ, ಉಸಿರು ಬಿಡುತ್ತ, ಕತ್ತಿ ಎತ್ತಿ ಮೇಲಿನಿಂದ ಬೀಸಿದ. ಅಲ್ಮಾಸ್ ಮೊಣಕಾಲು ಮಡಿಸಿ ಕೆಳಗೆ ಜಾರಿದಳು. ಎತ್ತಿದ ಅವನ ಕೈಯ ಅಡಿಯಲ್ಲಿ, ಪಕ್ಕೆಗೆ, ಅವಳ ಕತ್ತಿ ಚಪ್ಪಟೆಯಾಗಿ ಬಿತ್ತು.

ಡುಬ್.

ಆ ಸದ್ದು ಹಾಜಿಮಲಂಗನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಜೀವಮಾನವೆಲ್ಲ ಗಾದಿಗೆ ಬೆತ್ತ ಬಡಿದವನು. ಬಟ್ಟೆಗೆ ಬಿದ್ದದ್ದು ಯಾವುದು, ಒಳಗಿನ ಮೈಗೆ ಬಿದ್ದದ್ದು ಯಾವುದು ಎಂದು ಅವನ ಕಿವಿ ನಿದ್ದೆಯಲ್ಲಿಯೂ ಹೇಳೀತು. ಡಾಕ್ಟರನ ಬಾಯಿ ತೆರೆಯಿತು. ಲಗ್ಯಾದ ಮೊದಲ ಅಕ್ಷರಕ್ಕೆ ನಾಲಿಗೆ ಎದ್ದದ್ದೂ ಕಂಡಿತು. ಅಲ್ಮಾಸ್ ಆಗಲೇ ಕತ್ತಿ ಇಳಿಸಿದ್ದಳು. ಅವಳ ಮಟ್ಟಿಗೆ ಕಾದಾಟ ಮುಗಿದಿತ್ತು. ಅಷ್ಟರಲ್ಲಿ ಅವನ ಹಿಂದೆ ಅವನ ಮಂದಿ, "ಮಹಾರಾಜ್! ಮಹಾರಾಜ್!" ಎಂದು ಕೂಗಿದರು. ಬಾಯಿ ಮುಚ್ಚಿಕೊಂಡಿತು. ಎತ್ತಿದ ಕೈ ಕೆಳಗಿಳಿದು, ಕತ್ತಿ ಇಳಿಸಿದ್ದ ಹುಡುಗಿಯ ಹೆಗಲಿಗೆ ಅವನ ಕತ್ತಿ ತಾಕಿತು.

"ಅಯ್ಯಯ್ಯಯ್ಯೋ, ಸತ್ತ್ ಮ್ಯಾಲ ಹೊಡೀತಾನಲ್ರೋ!" ಎಂದು ಖಂಡಪ್ಪ ಸುಣ್ಣದ ಗೆರೆಯಾಚೆಯಿಂದ ಅರಚಿದ. ಎರಡೂ ಕಡೆಯವರು ಒಮ್ಮೆಗೇ ಮಾತಾಡತೊಡಗಿದರು. ಭೀಮಶ್ಯಾ ಹಲಗೆಯ ಮೇಲೆ ಅಂಗೈ ಇಟ್ಟ. ಸದ್ದು ನಿಂತಿತು. ಎಲ್ಲರೂ ಇದ್ದಲ್ಲಿಯೇ ಮಂಡಿಯೂರಿದರು. ದೂರದಲ್ಲಿ ಗೂಡ್ಸ್ ಗಾಡಿಯೊಂದು ವಾಡಿಯ ಕಡೆ ಎಳೆದುಕೊಂಡು ಹೋಗುವುದು ಕೇಳಿಸಿತು.

"ನನಗೆ ತಾಕಿದಂತೆ ಅನಿಸಲಿಲ್ಲ" ಎಂದ ಡಾಕ್ಟರ್, ತನ್ನ ಹೈದರಾಬಾದಿ ಮಾತಿನಲ್ಲಿ, ದನಿ ಎತ್ತದೆ. "ಅಂಗಿ ದಪ್ಪ. ಇರಬಹುದು, ಇಲ್ಲದಿರಬಹುದು. ಉಸ್ತಾದ್ ಹತ್ತಿರವೇ ಇದ್ದರು. ಉಸ್ತಾದ್ ಏನು ಹೇಳಿದರೂ ನನಗೆ ಕಬೂಲ್. ಸತ್ತೆ ಎಂದರೆ ಇಲ್ಲಿಯೇ ಮಲಗುತ್ತೇನೆ." ಹಾಗೆನ್ನುವಾಗ ಅವನು ಹಾಜಿಮಲಂಗನ ಮುಖ ನೋಡಲಿಲ್ಲ, ತಲೆಯ ಮೇಲಿನ ರುಮಾಲು ನೋಡಿದ.

"ಹೌದು, ಉಸ್ತಾದ್ ಹೇಳಲಿ" ಎಂದರು ಅವನ ಕಡೆಯವರು. "ಉಸ್ತಾದ್ರೇ ಹೇಳ್ಳಿ" ಎಂದರು ದಂಡಿನವರೂ. ಇಷ್ಟು ವರ್ಷ ಕಣದಲ್ಲಿ ಒಂದೂ ಸುಳ್ಳು ಆಡದೆ ಗಳಿಸಿದ ನಂಬಿಕೆ ಅದು. ಎರಡೂ ಕಡೆಯಿಂದ ಬಂದು ಅವನ ಮುಂದೆ ಮಂಡಿಯೂರಿ ಕೂತಿತ್ತು.

ಅಲ್ಮಾಸ್ ನಗುತ್ತಿದ್ದಳು. ಅದೇ ಅವನಿಗೆ ಕಡೆಯ ತನಕ ನೆನಪು ಉಳಿದದ್ದು. ಮಂಡಿಯ ಮೇಲೆ ಕೂತು, ಮೂಗಿನ ತುದಿಯ ಬೆವರು ಮೊಣಕೈಯಿಂದ ಒರೆಸಿಕೊಳ್ಳುತ್ತ, ಗೆದ್ದವಳ ಹಾಗೆ ನಗುತ್ತಿದ್ದಳು.

ಶಹಬಾಜ ಪಕ್ಕಕ್ಕೆ ಬಂದು ನಿಂತಿದ್ದ. ಮುಖದಲ್ಲಿ ನಗೆ ಹಾಗೆಯೇ ಇಟ್ಟುಕೊಂಡು, ತುಟಿ ಅಲುಗಿಸದೆ ಅಂದ: "ಮಾಮು, ಆಟ ಸರಾಗ ನಡೀಲಿ."

ಹಾಜಿಮಲಂಗ್ ಬೆತ್ತವನ್ನು ನೆಲಕ್ಕೆ ಊರಿದ. ಕೆಳಗಿನ ಪರ್ಸಿಗೆ ಅದು ಟಕ್ಕೆಂದು ಬಡಿಯಿತು.

"ಲಗ್ಯಾ ಅಲ್ಮಾಸಗ" ಎಂದ. "ಹೆಗಲಿಗೆ."

ನಗು ಅವಳ ಮುಖದ ಮೇಲಿಂದ ಒಮ್ಮೆಲೇ ಹೋಗಲಿಲ್ಲ. ಅರ್ಥವಾಗದವರಂತೆ ಸ್ವಲ್ಪ ಹೊತ್ತು ಅಲ್ಲಿಯೇ ಇತ್ತು. "ಏನಂದ್ರಿ?"

"ಹೆಗಲಿಗೆ ಬಿದ್ದದ. ನಾ ನೋಡೀನಿ."

"ಹೆಗಲಿಗೆ ಬಿದ್ದದ ಖರೇ. ಮೊದಲ ಯಾರಿಗೆ ಬಿತ್ತ್ರಿ?"

ಅವನು ಅವಳತ್ತ ನೋಡದೆ ಹಿಂದೆ ತಿರುಗಿದ. "ಬಾರಸೋ ಭೀಮಶ್ಯಾ."

ಭೀಮಶ್ಯಾ ಹಲಗೆಯ ಮೇಲಿನ ಕೈ ತೆಗೆಯಲಿಲ್ಲ. "ಆಕಿ ಇನ್ನಾ ಅಂದಿಲ್ರಿ ಉಸ್ತಾದ. ಬಿದ್ದವ್ರು ತಾವೇ ಅನ್ನೋತನಕ ಹಲಗಿ ಎಬ್ಬಿಸಬ್ಯಾಡ ಅಂತ ನೀವೇ ಹೇಳೀರಿ. ನಾ ಹೆಂಗ ಬಾರಸಲಿ?"

ಖರೆ. ಅವನೇ ಹೇಳಿದ್ದ. ಕಡೆಯ ಮಾತು ಉಸ್ತಾದನದಾದರೂ, ಹಲಗೆ ಏಳಬೇಕಾದರೆ ಬಿದ್ದವರು ಬಾಯಿಬಿಟ್ಟು ಅನ್ನಬೇಕು. ಗಣಿಯ ತುಂಬ ಮಂದಿ ಮಂಡಿಯೂರಿ ಕಾಯ್ದರು. ನೆರಳು ಯಾರಿಗೂ ಮಂಡಿಯೂರಲಿಲ್ಲ. ಅದು ತನ್ನ ಪಾಡಿಗೆ ಬರುತ್ತಲೇ ಇತ್ತು. ಹೊಸ್ತಿಲಿಗೂ ಅದಕ್ಕೂ ಒಂದು ಗೇಣು ಉಳಿದಿತ್ತು. ಈ ಹುಡುಗಿ ಬಾಯಿ ಬಿಡದೆ ಇನ್ನಿಷ್ಟು ಹೊತ್ತು ಹೀಗೇ ಕೂತರೆ ಸಾಕು ಎಂಬುದು ದಂಡಿನವರೆಲ್ಲರಿಗೂ ಹೊಳೆಯಿತು. "ಅನಬ್ಯಾಡಬೇ ಅಲ್ಮಾಸ್" ಎಂದು ಖಂಡಪ್ಪ ಆಚೆಯಿಂದ ಮೆಲ್ಲಗೆ ಅಂದದ್ದು ಎಲ್ಲರಿಗೂ ಕೇಳಿಸಿತು.

ಅವಳು ನೆರಳು ನೋಡಿದಳು. ಆಮೇಲೆ ಅಪ್ಪನನ್ನು ನೋಡಿದಳು. ಬಿಳಿ ರುಮಾಲು, ನೆಲಕ್ಕೂರಿದ ಬೆತ್ತ, ಅವನ ಮುಖ ನೋಡುತ್ತ ಕೂತ ಇಷ್ಟೊಂದು ಮಂದಿ.

"ಲಗ್ಯಾ" ಎಂದಳು.

ಕೂಗಲಿಲ್ಲ. ಕಾಲೇಜಿನಲ್ಲಿ ಹಾಜರಿ ಹೇಳಿದಂತೆ ಹೇಳಿ, ಕತ್ತಿಯನ್ನು ಪಕ್ಕಕ್ಕಿಟ್ಟು, ಹೊಸ್ತಿಲಿಗೆ ಅಡ್ಡವಾಗಿ ಮಲಗಿದಳು. ಹಲಗೆ ಎದ್ದಿತು. ರಾಜನ ಮಂದಿ ಹೋ ಎಂದು ಒಳನುಗ್ಗಿತು. ಡಾಕ್ಟರ್ ಅವಳ ಜಡೆ ತುಳಿಯದಂತೆ ಜೋಪಾನವಾಗಿ ಕಾಲು ಎತ್ತಿಟ್ಟು ದಾಟಿಹೋದ. ಅವನ ಹಿಂದಿನವರೂ ಒಬ್ಬೊಬ್ಬರಾಗಿ ದಾಟಿದರು. ಕಡೆಯವನು ದಾಟುವಾಗ ನೆರಳು ಬಂದು ಅವಳ ಕಾಲು ಮುಟ್ಟಿತು.

ಸಂಜೆ ಚಾ ಕುಡಿಯುವಾಗ ಹೈದರಾಬಾದಿನವರೆಲ್ಲ ಬಂದು ಹಾಜಿಮಲಂಗನ ಕೈ ಕುಲುಕಿದರು. ಇಷ್ಟು ಸರಾಗವಾಗಿ ಯಾವ ವರ್ಷವೂ ನಡೆದಿರಲಿಲ್ಲ ಎಂದರು. ಸ್ವಂತ ಮಗಳೆಂದೂ ನೋಡದೆ ನ್ಯಾಯ ಹೇಳಿದ ಉಸ್ತಾದನಿಗೆ ಚಪ್ಪಾಳೆ ಎಂದ ಡಾಕ್ಟರ್. ಎಲ್ಲರೂ ತಟ್ಟಿದರು. ಮುಂದಿನ ವರ್ಷವೂ ಇದೇ ಗಣಿ ಎಂದು ಶಹಬಾಜ ಅಲ್ಲಿಯೇ ಸಾರಿದ. ಅಲ್ಮಾಸ್ ಅಷ್ಟು ದೂರದಲ್ಲಿ ಕತ್ತಿಗಳನ್ನು ಕಟ್ಟು ಕಟ್ಟುತ್ತಿದ್ದಳು.

ಟೆಂಪೋದಲ್ಲಿ ಊರಿಗೆ ಮರಳುವಾಗ ಯಾರೂ ಹಾಡು ಹೇಳಲಿಲ್ಲ. ಖಂಡಪ್ಪ ಕತ್ತಿಗಳ ಕಟ್ಟಿನ ಮೇಲೆ ಕೂತು, ಹೊರಗೆ ಹಾಯ್ದುಹೋಗುವ ತೊಗರಿ ಹೊಲ ನೋಡುತ್ತಿದ್ದ. ಓಣಿಯ ಬಾಯಿಗೆ ಇಳಿಯುವ ಮುಂಚೆ ಅವನು ಬಾಯಿ ತೆರೆದ.

"ಹಾಜಿಭಾಯಿ, ಈ ಆಟದಾಗ ನಾ ಎಷ್ಟ್ ಸಲ ಸತ್ತೀನೋ ಲೆಕ್ಕಿಲ್ಲ. ಎಲ್ಲಾ ನನ್ನ ಬಾಯಿಲೇ ಸತ್ತೀನಿ ನೋಡು."

"ಮುಂದಿನ ವರ್ಷಾನೂ ನೀನೇ ಸಾಯಾಂವ. ಆಟ ಉಳಿದದಲ್ಲ" ಎಂದು ನಗಲು ಹೋದ ಹಾಜಿಮಲಂಗ್. ಖಂಡಪ್ಪ ನಗಲಿಲ್ಲ. ಇಳಿದು ಹೋದ.

ಮನೆಯಲ್ಲಿ ನಜಮುನ್ನೀಸಾ ಬಾಗಿಲಲ್ಲಿಯೇ ಕಾಯುತ್ತಿದ್ದಳು. ಮಗಳ ಮುಖ ನೋಡಿ ಗಂಡನ ಮುಖ ನೋಡಿದಳು. "ಏನಾತು? ಸಿಕ್ತೇನು ಹೆಸರು?"

"ಇಲ್ಲಮ್ಮಿ. ಸತ್ತೆ" ಎಂದಳು ಅಲ್ಮಾಸ್. ತೋಳಿನ ಕೆಂಪು ಪಟ್ಟಿ ಬಿಚ್ಚಿ, ಮಡಿಚಿ, ಹೊಲಿಗೆ ಮಿಷಿನ್ನಿನ ಮೇಲಿಟ್ಟಳು. "ಆಟ ಭಾಳ ಸರಾಗ ಆತು. ಒಂದ್ ತಕರಾರ್ ಇಲ್ಲ."

"ಬಿದ್ದದ್ದು ಖರೇ ಏನ?"

ಅಲ್ಮಾಸ್ ಒಳಗೆ ಹೋಗಿ ಚಾ ಸೋಸಿ ತಂದಳು. ಅಪ್ಪನ ಮುಂದೆ ಬಸಿ ಇಟ್ಟು, ಕಪ್ಪಿನ ಹಿಡಿಕೆಯನ್ನು ಎಂದಿನಂತೆ ಅವನ ಬಲಗೈಗೆ ತಿರುಗಿಸಿದಳು. "ಅದು ಉಸ್ತಾದ್‌ಗ ಕೇಳು ಅಮ್ಮಿ. ಹತ್ರ ಇದ್ದವ್ರು ಅವ್ರು." ಆಮೇಲೆ ಅವನ ಕಡೆ ತಿರುಗಿ, "ಚಾ ತೊಗೋರಿ ಉಸ್ತಾದ್, ಆರ್ತದ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಏನಾದರೂ ಹೇಳಬಹುದಿತ್ತು.

ಮರುದಿನ ಅಂಗಡಿಯಲ್ಲಿ ಯಾರೋ ಹಳೆಯ ಗಾದಿಯೊಂದನ್ನು ಬಿಚ್ಚಿ ಹೊಸದು ಮಾಡಲು ತಂದುಕೊಟ್ಟಿದ್ದರು. ಹಾಜಿಮಲಂಗ್ ಅದನ್ನು ಕಟ್ಟೆಯ ಮೇಲೆ ಹಾಸಿ, ಧೂಳು ಬಿಡಿಸಲು ಬೆತ್ತ ಎತ್ತಿದ. ಡುಬ್ ಎಂದಿತು. ಕೈ ಅಲ್ಲಿಯೇ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ, ಮೆಲ್ಲಗೆ ಬಡಿದ. ಸದ್ದು ಅದೇ. ಕಾಲೇಜಿಗೆ ಹೊರಟ ಅಲ್ಮಾಸ್ ಚಪ್ಪಲಿ ಹಾಕಿಕೊಂಡು, ಧೂಳಿಗೆ ದುಪಟ್ಟಾ ಮೂಗಿಗೆ ಹಿಡಿದು, ಅವನ ಮುಂದಿನಿಂದಲೇ ನಡೆದು ಹೋದಳು.

ಮಗಳಿಗೆ ಕೊಟ್ಟ ಮಾತನ್ನು ಹಾಜಿಮಲಂಗ್ ಮುರಿದಿದ್ದ.